ಸೀರೆ ಅಂಗಡಿ ಪಂಚಾಕ್ಷರಪ್ಪನವರು ರಸಾಯನಶಾಸ್ತ್ರದ ಮೇಲೆ ದಂಡೆತ್ತಿ ಹೋದದ್ದು

ಎಲೈ ಸಕಲವಿದ್ಯಾಧೀಶ್ವರಿಯಾದ ವಾಗ್ದೇವಿಯೇ, ಅಂಕಗಳೇ ಕುಲಗೋತ್ರಗಳಾದ, ಕೋಚಿಂಗ್ ಕೇಂದ್ರಗಳೇ ತೀರ್ಥಕ್ಷೇತ್ರಗಳಾದ ಈ ಯುಗದಲ್ಲಿ, ದಾವಣಗೆರೆಯೆಂಬ ಮಹಾಪಟ್ಟಣದಲ್ಲಿ, ಏಕಾಂಗಿಯಾಗಿ ಒಂದು ಶಾಸ್ತ್ರದ ಮೇಲೆಯೇ ಸಮರ ಸಾರಿದ ಮಹಾಪುರುಷನ ಕಥೆಯನ್ನು ಹೇಳಹೊರಟಿರುವೆನು. ನಡುನಡುವೆ ನಗು ಬಂದೀತು. ನನ್ನ ನಾಲಗೆಯನ್ನು ಗಂಭೀರವಾಗಿ ಇರಿಸು.

ಆ ವೀರನು ಯಾರೆಂದರೆ, ಜರತಾರಿವಸ್ತ್ರರಾಶಿಮಧ್ಯವಿರಾಜಮಾನ, ವಧೂವರಪಕ್ಷದ್ವಯಮನೋಹರ, ಚೌಕಾಶಿಸಮರಧುರಂಧರನೆನಿಸಿದ ಸೀರೆ ವ್ಯಾಪಾರಿ ಪಂಚಾಕ್ಷರಪ್ಪನವರು. ಸೆರಗಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕು, ಅದು ಅಪ್ಪಟ ರೇಷ್ಮೆಯೋ ಬೆರಕೆಯೋ ಎಂದು ಹೇಳಬಲ್ಲವರು. ಈ ಒಂದು ವಿದ್ಯೆಯ ಬಲದಿಂದ ಲೋಕದ ಉಳಿದೆಲ್ಲ ವಿದ್ಯೆಗಳೂ ತಮಗೆ ತಿಳಿದಿವೆ ಎಂಬ ತೀರ್ಮಾನಕ್ಕೆ ಅವರು ಬಹಳ ಹಿಂದೆಯೇ ಬಂದಿದ್ದರು. ಅವರ ಏಕಮಾತ್ರ ಪುತ್ರಿ ಸಿಂಚನಾ ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಳು. ಆಕೆ ಇನ್ನೂ ಯಾವ ಪ್ರವೇಶ ಪರೀಕ್ಷೆಯನ್ನೂ ಬರೆಯದಿದ್ದರೂ ತಂದೆಯವರು ಅಂಗಡಿಗೆ ಬಂದವರಿಗೆಲ್ಲ "ಇವ್ಳೇ ನಮ್ಮ ಡಾಕ್ಟ್ರಮ್ಮ" ಎಂದು ಪರಿಚಯಿಸಿ ಮುಗಿಸಿದ್ದರು.

ಹೀಗಿರಲು ಒಂದು ಸೋಮವಾರ ಬೆಳಿಗ್ಗೆ, ಅವಲಕ್ಕಿಯ ತಟ್ಟೆಯ ಮುಂದೆ, ಸಿಂಚನಾ ಮೆಲ್ಲನೆ ಬಾಯಿಬಿಟ್ಟಳು. ಅರ್ಧವಾರ್ಷಿಕ ಪರೀಕ್ಷೆಯ ರಸಾಯನಶಾಸ್ತ್ರದಲ್ಲಿ ಎಪ್ಪತ್ತಕ್ಕೆ ಹತ್ತೊಂಬತ್ತು.

"ಹತ್ತೊಂಬತ್ತಾ? ಬಯಾಲಜಿಯಾಗೆ ಅರವತ್ತಾರು ತಗಂಡಾಕಿ ನೀನು!"

"ಮೇಡಂ ನಿಮ್ಮನ್ನ ಕರ್ಕೊಂಡ್ ಬಾ ಅಂದಾರೆ, ಅಪ್ಪಾಜಿ."

"ಬರ್ತೀನಿ. ಡಾಕ್ಟ್ರಾಗೋರಿಗೆ ಕೆಮಿಸ್ಟ್ರಿ ಯಾತಕ್ಕೆ ಬೇಕು ಅಂತ ಇವತ್ತು ಕೇಳೇ ಬಿಡ್ತೀನಿ."

"ಜಗಳ ಮಾಡ್ಬ್ಯಾಡ್ರಿ ಅಪ್ಪಾಜಿ, ನಿಮ್ಮ ಕಾಲಿಗೆ ಬೀಳ್ತೀನಿ."

ಸಮರೋತ್ಸಾಹದಿಂದ ಉಬ್ಬಿದ ವೀರನ ಕಿವಿಗೆ ಇಂಥ ಮಾತು ಬೀಳುವುದುಂಟೇ? ಗಂಜಿ ಹಾಕಿ ಇಸ್ತ್ರಿ ಮಾಡಿದ ಧವಳವರ್ಣದ ಅಂಗಿಯನ್ನು ಕವಚದಂತೆ ಧರಿಸಿ, ಮಗಳನ್ನು ಹಿಂದೆ ಕೂರಿಸಿಕೊಂಡು, ಸ್ಕೂಟರೆಂಬ ರಥವನ್ನು ಏರಿದರು. ದಾರಿಯಲ್ಲಿ ಬಲವರ್ಧನೆಗಾಗಿ ರಥವನ್ನು ನಿಲ್ಲಿಸಿ, ಒಂದು ತಟ್ಟೆ ಮಂಡಕ್ಕಿಯನ್ನೂ, ಕಾದೆಣ್ಣೆಯಿಂದ ಆಗತಾನೆ ಎದ್ದುಬಂದ ಆರು ಮಿರ್ಚಿ ಬಜ್ಜಿಗಳನ್ನೂ ಸಂಹರಿಸಿದರು.

ಕಾಲೇಜಿನ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ ಗೌಸಿಯಾ ಮೇಡಂ ಒಬ್ಬರೇ ಕುಳಿತು ರೆಕಾರ್ಡ್ ಪುಸ್ತಕಗಳನ್ನು ತಿದ್ದುತ್ತಿದ್ದರು. ಐದಡಿಯ ಆಕೃತಿ, ದಪ್ಪ ಕನ್ನಡಕ, ಬೆರಳ ತುದಿಯಲ್ಲಿ ಯಾವುದೋ ನೇರಳೆ ಕಲೆ. ಇದೇ ಏನು ಶತ್ರುಸೈನ್ಯ ಎಂದು ಪಂಚಾಕ್ಷರಪ್ಪನವರು ಮೀಸೆಯಡಿಯಲ್ಲಿ ನಕ್ಕರು.

"ಕೂತ್ಕೊಳ್ಳಿ ಸರ್."

"ಕೂರಾಕೆ ಬಂದಿಲ್ಲ ಮೇಡಂ," ಎಂದು ಆ ಜರತಾರಿವೀರರು ಗರ್ಜಿಸಿದರು. "ಮೂವತ್ತು ವರ್ಷದಿಂದ ನಾನು ಪೇಷಂಟು. ಬಿಪಿಗೆ, ಮಂಡಿಗೆ, ಹೊಟ್ಟೆಗೆ ಈ ಊರಿನ ಡಾಕ್ಟ್ರನ್ನೆಲ್ಲ ನೋಡೀನಿ. ಒಬ್ರಾದ್ರೂ ನನ್ನ ಮುಂದೆ ಗಾಜಿನ ಕೊಳವೆ ಹಿಡ್ಕಂಡು ಬಣ್ಣದ ನೀರು ಅಲ್ಲಾಡ್ಸಿಲ್ಲ! ನಾನು ಸೀರೆ ಮಾರ್ತೀನಿ. ಬಣ್ಣ ಹೆಂಗೆ ಕುದುಸ್ತಾರೆ ಅಂತ ನನಗೆ ಗೊತ್ತಿಲ್ಲ. ಅಂಗಡಿ ಮುಚ್ಚೋಗೈತಾ? ಡಾಕ್ಟ್ರಾಗಾಕೆ ಕೆಮಿಸ್ಟ್ರಿ ಬೇಕು ಅಂತ ರೂಲ್ ಮಾಡಿದೋರು ನನ್ ಕೈಗೆ ಸಿಗ್ಬೇಕು, ಅಷ್ಟೇ!"

ಸಿಂಚನಾ ನೆಲ ನೋಡುತ್ತಾ ನಿಂತಳು.

"ರೂಲ್ ನಾನು ಮಾಡಿಲ್ಲ," ಎಂದರು ಗೌಸಿಯಾ ಮೇಡಂ, ಪೆನ್ನಿನ ಮುಚ್ಚಳ ಹಾಕುತ್ತಾ. "ಆದ್ರೆ ಒಳ್ಳೇ ರೂಲು. ಉಸಿರು, ರಕ್ತ, ಹೊಟ್ಟೆಯ ಆಸಿಡ್, ನೀವು ತಗೊಳ್ಳೋ ಬಿಪಿ ಮಾತ್ರೆ, ಎಲ್ಲ ಕೆಮಿಸ್ಟ್ರೀನೇ ಸರ್."

"ಅದೆಲ್ಲ ಔಷಧಿ ಅಂಗಡಿಯೋರಿಗೆ ಗೊತ್ತಿದ್ರೆ ಸಾಕು!"

ಮೇಡಂ ಉತ್ತರಪತ್ರಿಕೆಯನ್ನೇ ತೋರಿಸೋಣವೆಂದು ಎದ್ದು, ಬೆನ್ನು ತಿರುಗಿಸಿ, ಬೀರುವಿನಲ್ಲಿ ಹುಡುಕತೊಡಗಿದರು. ಶತ್ರು ಬೆನ್ನು ತೋರಿಸಿದಳೆಂದು ಪಂಚಾಕ್ಷರಪ್ಪನವರು ಹಿಗ್ಗಿದರು. ಆದರೆ ವಿಜಯದ ಆ ಕ್ಷಣದಲ್ಲೇ ಉದರಕುಹರದೊಳಗೆ ಆರು ಮಿರ್ಚಿಗಳೂ ಏಕಕಾಲಕ್ಕೆ ಬಂಡೆದ್ದವು. ವಡಬಾಗ್ನಿಯಂಥ ಉರಿಯೊಂದು ಎದೆಯನ್ನು ಸುಡುತ್ತಾ ಗಂಟಲಿಗೆ ಬಂದು ನಿಂತಿತು. ಕಣ್ಣಲ್ಲಿ ನೀರು. ಬೇಡಿ ಔಷಧ ಪಡೆಯುವುದು ವೀರಧರ್ಮವೇ? ಅವರ ದೃಷ್ಟಿ ಮೇಜಿನ ಮೇಲಿದ್ದ ಒಂದು ಬಾಟಲಿಯ ಮೇಲೆ ಬಿತ್ತು. ಒಳಗೆ ಬಿಳಿ ಪುಡಿ. ಇಂಗ್ಲಿಷ್ ಚೀಟಿಯನ್ನು ಕೂಡಿಸಿ ಓದಿದರು: ಸೋಡಿಯಂ ಕಾರ್ಬೊನೇಟ್. ಸೋಡಾ! ಮನೆಯಲ್ಲಿ ಎದೆಯುರಿ ಬಂದಾಗಲೆಲ್ಲ ನೀರಿಗೆ ಹಾಕಿ ಕುಡಿಯುವುದು ಇದನ್ನೇ ಅಲ್ಲವೇ? ಆದರೂ ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಅದು ಸೆರಗಲ್ಲ, ಏನನ್ನೂ ಹೇಳಲಿಲ್ಲ. ಏನೂ ಹೇಳದಿದ್ದುದನ್ನೇ ಒಪ್ಪಿಗೆಯೆಂದು ತಿಳಿದ ಮಹಾನುಭಾವರು ನೀರಿದ್ದ ಬೀಕರಿಗೆ ಎರಡು ಚಮಚ ಸುರಿದು, ಕದಡಿ, ತುಟಿಗೆತ್ತಿದರು.

"ಅಪ್ಪಾಜೀ!"

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಸಿಂಚನಾ ಸ್ಟೂಲನ್ನು ಕೆಡವಿಕೊಂಡು ಹಾರಿ ಬಂದಳು. ಬೀಕರಿನ ಒಂದು ಪಕ್ಕ ತಂದೆಯ ಕೈ, ಇನ್ನೊಂದು ಪಕ್ಕ ಮಗಳ ಕೈ. ಎರಡು ಕ್ಷಣ ಘೋರಯುದ್ಧ ನಡೆಯಿತು. ಕೊನೆಗೆ ದ್ರವವೆಲ್ಲ ಧವಳಕವಚದ ಮೇಲೆ ಚೆಲ್ಲಿತು, ಬೀಕರು ಮಗಳ ಕೈಯಲ್ಲಿ ಉಳಿಯಿತು.

"ಅದು ಬಟ್ಟೆ ಒಗಿಯೋ ಸೋಡಾ!" ಎಂದಳು, ಬೀಕರನ್ನು ದೂರ ಇಡುತ್ತಾ. "ಕುಡಿಯೋದು ಬೈಕಾರ್ಬೊನೇಟು. ಅದ್ರಾಗೆ ಒಂದು ಹೈಡ್ರೋಜನ್ ಇರ್ತೈತಿ, ಇದ್ರಾಗೆ ಇಲ್ಲ. ಇದು ಬಾಯಿ, ಗಂಟ್ಲು ಎಲ್ಲ ಸುಡ್ತಿತ್ತು!"

"ಒಂದು ಹೈಡ್ರೋಜನ್ನಿಗೆ ಇಷ್ಟು ರಂಪಾನಾ?" ಎಂದರು ತಂದೆ. ಆದರೆ ದನಿಯಲ್ಲಿ ಗರ್ಜನೆ ಇರಲಿಲ್ಲ.

"ಅಷ್ಟಕ್ಕೇ ಸರ್," ಎಂದರು ಗೌಸಿಯಾ ಮೇಡಂ. ಸ್ಟೂಲು ಬಿದ್ದ ಸದ್ದಿಗೇ ಅವರು ಬೀರು ಬಿಟ್ಟು ಓಡಿ ಬಂದಿದ್ದರು. "ಲ್ಯಾಬಲ್ಲಿರೋದು ಯಾವುದನ್ನೂ ಬಾಯಿಗೆ ಹಾಕ್ಬಾರ್ದು, ಅದು ಬೇರೆ ಮಾತು. ಎರಡೂ ಬಿಳಿ ಪುಡಿ, ಎರಡಕ್ಕೂ ಸೋಡಾ ಅಂತಾರೆ. ನಾಳೆ ನಿಮ್ಮಂಥೋರು ಯಾರೋ ಹೊಟ್ಟೆ ಹಿಡ್ಕೊಂಡು ಇವಳ ಮುಂದೆ ಬಂದು ಕೂತಾಗ, ಒಂದು ಹೈಡ್ರೋಜನ್ ಇದ್ರೆ ಏನು, ಇಲ್ದಿದ್ರೆ ಏನು ಅಂತ ಇವಳಿಗೆ ಗೊತ್ತಿರ್ಬೇಕಲ್ಲ? ಅದಕ್ಕೇ ಕೇಳ್ತಾರೆ ಕೆಮಿಸ್ಟ್ರಿ."

ಆಮೇಲೆ ಸಿಂಚನಾಳ ಕಡೆ ತಿರುಗಿದರು. "ಇಷ್ಟು ಗೊತ್ತಿದ್ದೋಳು ಪೇಪರಲ್ಲಿ ಯಾಕೆ ಬರೀಲಿಲ್ಲ? ಈ ಪ್ರಶ್ನೆನೇ ಇತ್ತಲ್ಲ?"

"ನೀವು ತಿದ್ದಿದ ಪೇಪರ್ ನೋಡಿದ ಮ್ಯಾಲೇ ಓದ್ಕಂಡೆ ಮೇಡಂ. ಪರೀಕ್ಷೆಗೆ ಮುಂಚೆ ಅಪ್ಪಾಜಿ, ಡಾಕ್ಟ್ರಿಗೆ ಕೆಮಿಸ್ಟ್ರಿ ಬ್ಯಾಡ, ಬಯಾಲಜಿ ಓದು ಅಂದಿದ್ರು."

ಪಂಚಾಕ್ಷರಪ್ಪನವರಿಗೆ ಮಗಳ ಮುಖ ನೋಡಲಾಗಲಿಲ್ಲ. ಕೂರಲು ಬಂದಿಲ್ಲವೆಂದು ಸಾರಿದ್ದ ಮಹಾವೀರರು, ಬಿದ್ದಿದ್ದ ಸ್ಟೂಲನ್ನು ತಾವೇ ಎತ್ತಿಟ್ಟು ಕುಳಿತರು.

ಗೌಸಿಯಾ ಮೇಡಂ ತಮ್ಮ ಕೈಚೀಲದಿಂದ ಎದೆಯುರಿಯ ಮಾತ್ರೆಯೊಂದನ್ನು ತೆಗೆದುಕೊಟ್ಟರು. "ಅಗಿದು ತಿನ್ನಿ. ನುಂಗ್ಬೇಡಿ."

ಅಗಿದರು. ಕೊಂಚ ಹೊತ್ತಿಗೆ, ಗಾಜಿನ ನಳಿಕೆಗಳು ಕಿಣಿಕಿಣಿಸುವಂಥ, ದಿಗ್ಗಜಗಳು ಕಿವಿ ನಿಮಿರಿಸುವಂಥ ಪ್ರಚಂಡವಾದ ತೇಗೊಂದು ಹೊರಟು ಪ್ರಯೋಗಾಲಯವನ್ನೆಲ್ಲ ತುಂಬಿತು. ದಂಡಯಾತ್ರೆಯಲ್ಲಿ ಅವರು ಹೊರಡಿಸಿದ ವಿಜಯಘೋಷ ಅದೊಂದೇ.

"ಮುಂದಿನ ಪರೀಕ್ಷೆ ಹೊತ್ತಿಗೆ ಸರಿ ಹೋಗ್ತಾಳೆ," ಎನ್ನುತ್ತಾ ಮೇಡಂ ಅಂಕಪಟ್ಟಿಯನ್ನು ಮುಂದಿಟ್ಟರು. "ಇದಕ್ಕೊಂದು ಸೈನ್ ಬೇಕಿತ್ತು ಸರ್. ಕರೆಸಿದ್ದು ಅದಕ್ಕೇ."

ಪಂಚಾಕ್ಷರಪ್ಪನವರು ಪೆನ್ನು ತೆಗೆದುಕೊಂಡು ದೊಡ್ಡದಾಗಿ ಸಹಿ ಹಾಕಿದರು.

"ಅಯ್ಯೋ ಅಪ್ಪಾಜಿ, ಅದು ಪ್ರಿನ್ಸಿಪಾಲ್ರು ಹಾಕೋ ಜಾಗ!"

ಗೌಸಿಯಾ ಮೇಡಂ ನಿಟ್ಟುಸಿರು ಬಿಟ್ಟು ಡ್ರಾಯರಿನಿಂದ ವೈಟ್ನರ್ ಹುಡುಕಿ ಹಚ್ಚಿದರು. ಅದು ಒಣಗುವವರೆಗೆ ಚೌಕಾಶಿಸಮರಧುರಂಧರರು ಒದ್ದೆ ಅಂಗಿಯಲ್ಲಿ ಸ್ಟೂಲಿನ ಮೇಲೆ ಬಗ್ಗಿ ಕುಳಿತು, ಬಾಯಿಂದ ಉಫ್ ಉಫ್ ಎಂದು ಊದುತ್ತಿದ್ದರು.