ಬಾಲ ಭಾರವಾದ ವಿಮಾನ

ಸ್ನಾನ ಮುಗಿಸಿ ಬಂದ ಮಿಲಿಮೀಟರ್ ಮಾವ ತೂಕದ ಯಂತ್ರದ ಮೇಲೆ ನಿಂತು, ಉಸಿರು ಬಿಗಿಹಿಡಿದು "ಎಷ್ಟೇ?" ಎಂದರು. ಕೆಳಗೆ ನೋಡಿದರೆ ಅವರಿಗೆ ಯಂತ್ರದ ಮುಳ್ಳಿರಲಿ, ತಮ್ಮ ಹೆಬ್ಬೆರಳೂ ಕಾಣುತ್ತಿರಲಿಲ್ಲ. ಅದು ಕನ್ನಡಕ ತೆಗೆದಿಟ್ಟದ್ದರಿಂದ ಎಂಬುದು ಅವರ ವಾದ. ಹೆಂಡತಿ ಬಗ್ಗಿ ನೋಡಿ "ಅರವತ್ತೆಂಟು" ಎಂದವರೇ ಚೀಲ ಹೆಗಲಿಗೇರಿಸಿಕೊಂಡು ಆಸ್ಪತ್ರೆಗೆ ಹೊರಟರು. ಅವರು ಅಲ್ಲಿ ಹಿರಿಯ ದಾದಿ.

"ಮದುವೆ ದಿನ ಅರವತ್ತೆಂಟು, ಇವತ್ತೂ ಅರವತ್ತೆಂಟು. ಇಪ್ಪತ್ಮೂರು ವರ್ಷ" ಎಂದು ಮಾವ ಖಾಲಿ ಕೋಣೆಗೇ ಹೇಳಿದರು. ಕೇಳುವವರಿದ್ದರೆ ಇನ್ನೂ ವಿಸ್ತಾರವಾಗಿ ಹೇಳುತ್ತಿದ್ದರು. ಗಡಿಯಾರ ರಿಪೇರಿ ಅವರ ಕಸುಬು, ಕರಾರುವಾಕ್ಕು ಅವರ ರೋಗ. ನೆರೆಯವರು ಕ್ಯಾಲೆಂಡರ್ ತೂಗುಹಾಕಿದರೂ ಟೇಪು ಹಿಡಿದು ಹೋಗಿ "ಎರಡು ಮಿಲಿಮೀಟರ್ ಎಡಕ್ಕೆ" ಎನ್ನುವ ಜಾತಿ. ಕಟ್ಟಡದ ಮಕ್ಕಳು ಇಟ್ಟ ಹೆಸರು ದೊಡ್ಡವರ ಬಾಯಲ್ಲೂ ನಿಂತುಬಿಟ್ಟಿತ್ತು.

ಅಂದು ಅವರ ನಾಲ್ಕು ವರ್ಷದ ದುಡಿಮೆಯ ಪರೀಕ್ಷೆ. ಹಜಾರದ ತುಂಬ ನಿಂತಿದ್ದ ಮಾದರಿ ವಿಮಾನದ ರೆಕ್ಕೆಗಳು ಒಂದು ತುದಿಯಿಂದ ಇನ್ನೊಂದಕ್ಕೆ ಮೂರು ಮೀಟರಿಗೂ ಮಿಕ್ಕಿ ಇದ್ದವು. ಅದು ಬಂದಮೇಲೆ ಕುರ್ಚಿ ಮೇಜುಗಳೆಲ್ಲ ಬಾಲ್ಕನಿ ಸೇರಿದ್ದವು. ಒಳಗೆ ಎರಡು ಸೀಟು. ಮುಂದೆ ಚಾಲಕ, ಹಿಂದೆ, ಗಟ್ಟಿಮರದಲ್ಲಿ ಮಾವ ಸ್ವತಃ ಕೆತ್ತಿದ, ಹೆಂಡತಿಯದೇ ಮುಖದ ಬೊಂಬೆ. ಮಾರನೆಯ ಬೆಳಿಗ್ಗೆ ಮೈದಾನದಲ್ಲಿ ಹಾರಾಟ. ಅದಕ್ಕೂ ಮುಂಚೆ ಸಂಜೆ ಐದಕ್ಕೆ ಮಾದರಿ ವಿಮಾನ ಕ್ಲಬ್ಬಿನ ಪರೀಕ್ಷಕರು ಮನೆಗೇ ಬಂದು ರುಜು ಹಾಕಬೇಕು. ವಿಮಾನದ ತೂಕ ಇಪ್ಪತ್ತು ಕಿಲೋ ಮೀರಕೂಡದು, ಗುರುತ್ವ ಕೇಂದ್ರ ನಕ್ಷೆಯಲ್ಲಿ ಹೇಳಿದ ಜಾಗದಲ್ಲೇ ಇರಬೇಕು. ರುಜು ಇಲ್ಲದಿದ್ದರೆ ಹಾರಾಟವಿಲ್ಲ. ಮುಂದಿನದು ಆರು ತಿಂಗಳಿಗೆ.

ಚಿಕ್ಕ ವಿಮಾನವಾದರೆ ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದರೆ ಸಾಕು, ಭಾರದ ಕೇಂದ್ರ ಎಲ್ಲಿದೆ ಎಂದು ತಿಳಿದುಹೋಗುತ್ತದೆ. ಇದನ್ನು ಬೆರಳಲ್ಲಿ ಎತ್ತಿದರೆ ಬೆರಳೇ ಉಳಿಯುವುದಿಲ್ಲ. ಮಾವ ರೆಕ್ಕೆಯ ಮುಂದಂಚಿನಿಂದ ಸರಿಯಾಗಿ ನೂರ ನಲವತ್ತೆರಡು ಮಿಲಿಮೀಟರ್ ಹಿಂದಕ್ಕೆ ಕೆಂಪು ಗೆರೆ ಎಳೆದು, ಆ ಗೆರೆಯ ಮೇಲೆ ಎರಡು ಕೊಕ್ಕೆ ಸಿಕ್ಕಿಸಿ, ಮೆಟ್ಟಿಲುಗಳ ನಡುವಿನ ತೆರಪಿನಲ್ಲಿ ಮೇಲಿನ ತೊಲೆಯಿಂದ ಹಗ್ಗ ಇಳಿಬಿಟ್ಟು ವಿಮಾನವನ್ನು ನೇತುಹಾಕಿದರು. ಕೈಬಿಟ್ಟದ್ದೇ ತಡ, ಮೂತಿ ಮೇಲೆದ್ದು ಬಾಲ ಕೆಳಗೆ ಜೋತುಬಿತ್ತು.

"ಕೂತ್ಬಿಡ್ತಲ್ಲ ಸಾರ್" ಎಂದರು ಕೆಳಮನೆಯ ದರ್ಜಿ, ಸೂಜಿ ಬಾಯಲ್ಲಿಟ್ಟುಕೊಂಡೇ.

ಬಾಲ ಭಾರವಾದರೆ ಗಾಳಿಯಲ್ಲಿ ವಿಮಾನ ಮೂತಿ ಎತ್ತಿ ಮಗುಚಿಕೊಳ್ಳುತ್ತದೆ, ಮೂತಿಗೆ ಒಂದಿಷ್ಟು ಸೀಸ ಕಟ್ಟಿದರೆ ಸರಿಹೋಗುತ್ತದೆ ಎಂದು ಮಾವ ವಿವರಿಸುತ್ತಿರುವಾಗ ಮೇಲ್ಮನೆಯ ಲೆಕ್ಕದ ಮೇಷ್ಟ್ರು ಇಳಿದುಬಂದರು. ನಿವೃತ್ತರಾಗಿ ಆರು ವರ್ಷವಾದರೂ ಯಾರ ಮನೆಯ ಲೆಕ್ಕವಾದರೂ ಸರಿ, ತಾವು ಒಮ್ಮೆ ನೋಡದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. "ಸೀಸ ಸೇರಿಸೋಕೆ ಮುಂಚೆ ಈಗ ಎಷ್ಟಿದೆ ಅಂತ ನೋಡ್ಬೇಡ್ವೆ?" ಎಂದು ಅವರು ಕೇಳಿದ್ದೇ ಅನರ್ಥದ ಆರಂಭ.

ವಿಮಾನವನ್ನು ಬೆಳಗಿನ ಆ ತೂಕದ ಯಂತ್ರದ ಮೇಲಿಟ್ಟರೆ ಮುಳ್ಳೇ ಮುಚ್ಚಿಹೋಗುತ್ತದೆ. ಮಾವ ಅದನ್ನು ಅಪ್ಪಿಕೊಂಡು ತಾವೇ ಯಂತ್ರ ಹತ್ತಿದರು. ದರ್ಜಿ ನೆಲಕ್ಕೆ ಮಲಗಿ ಮುಳ್ಳು ನೋಡಿ ತೊಂಬತ್ತು ಎಂದರು.

"ಅದರಲ್ಲಿ ನಾನು ಅರವತ್ತೆಂಟು" ಎಂದರು ಮಾವ.

"ತೊಂಬತ್ತರಲ್ಲಿ ಅರವತ್ತೆಂಟು ಹೋದ್ರೆ ಇಪ್ಪತ್ತೆರಡು" ಎಂದು ಮೇಷ್ಟ್ರು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. "ಎರಡು ಕಿಲೋ ಜಾಸ್ತಿ. ಆದ್ರೂ ಇಪ್ಪತ್ತೆರಡು ಕಿಲೋನ ಮಗು ಥರ ಎತ್ಕೊಂಡ್ರಲ್ಲ!"

ಮಾವ ನಮ್ರತೆಯಿಂದ ತೋಳು ಸವರಿಕೊಂಡರು. ಮೈಯಲ್ಲಿ ಕಸುವಿರುವವರಿಗೆ ಇದೆಲ್ಲ ಏನೂ ಅಲ್ಲವೆಂದರು. ದರ್ಜಿ ಮಾತ್ರ ಕೆಮ್ಮಿದರು. ಒಮ್ಮೆ ಸಾರ್ ಒಬ್ಬರೇ ನಿಂತರೆ ಹೇಗೆ, ನಾನು ಮುಳ್ಳು ನೋಡುತ್ತೇನೆ ಎಂದು ಮೆಲ್ಲಗೆ ಸೂಚಿಸಿದರು. ಮಾವನ ಮುಖ ಕೆಂಪಾಯಿತು.

"ಇಪ್ಪತ್ಮೂರು ವರ್ಷದ ದಾಖಲೆ ಕಣಯ್ಯಾ ಅದು. ನನ್ನ ಪ್ಯಾಂಟು ಹೊಲಿಯೋನು ನೀನೇ. ಒಂದು ದಿನವಾದ್ರೂ ಬಿಗಿಯಾಯ್ತು ಅಂದಿದೀನಾ?"

"ಇಲ್ಲ ಸಾರ್" ಎಂದು ದರ್ಜಿ ತಲೆ ತಗ್ಗಿಸಿದರು.

ಸೀಸದ ಮಾತು ಅಲ್ಲಿಗೆ ಮುಗಿಯಿತು. ಮೊದಲೇ ಹೆಚ್ಚಾಗಿರುವ ತೂಕಕ್ಕೆ ಇನ್ನಷ್ಟು ಸೇರಿಸುವಂತಿಲ್ಲ. ಬಾಲದ ಕಡೆಯಿಂದಲೇ ಎರಡು ಕಿಲೋ ಇಳಿಸಿದರೆ ತೂಕವೂ ಸರಿ, ಸಮತೋಲವೂ ಸರಿ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಮಾವನಿಗೂ ಹೌದೆನಿಸಿತು. ಬಾಲದ ಅಡಿಯ ಹಿತ್ತಾಳೆ ಗಾಲಿಯನ್ನು ಅದರ ಮರದ ದಿಮ್ಮಿ ಸಮೇತ ಗರಗಸದಲ್ಲಿ ಕೊಯ್ದರು. ಅದನ್ನು ಕೂರಿಸಲು ಒಂದು ತಿಂಗಳು ಹಿಡಿದಿತ್ತು. ಬಾಲದ ಮೇಲಿನ ಏಳು ಪದರ ಬಣ್ಣ ಕೆರೆದರು. ಹಿಂದಿನ ಸೀಟಿನ ಮೆತ್ತೆ ಕಿತ್ತರು. ಮತ್ತೆ ಅಪ್ಪಿಕೊಂಡು ಯಂತ್ರ ಹತ್ತಿದರೆ ಎಂಬತ್ತೊಂಬತ್ತು. ಇನ್ನೂ ಒಂದು ಕಿಲೋ ಉಳಿದಿತ್ತು.

ಮೂವರ ಕಣ್ಣುಗಳೂ ಒಟ್ಟಿಗೇ ಬೊಂಬೆಯ ಮೇಲೆ ಬಿದ್ದವು.

"ಬೇಡ ಸಾರ್" ಎಂದರು ದರ್ಜಿ. "ಅಕ್ಕ ನೋಡಿದ್ರೆ?"

"ವಿಜ್ಞಾನಕ್ಕೆ ಹೆಂಡತಿ ಮಕ್ಕಳು ಅಂತ ಇಲ್ಲ" ಎಂದು ಮಾವ ಬೊಂಬೆಯ ಸೊಂಟ ಹಿಡಿದು ಕಿತ್ತು, ಚಪ್ಪಲಿ ಗೂಡಿನ ಮೇಲೆ ಕೂರಿಸಿದರು. ಈಗ ಮುಳ್ಳು ಎಂಬತ್ತೆಂಟಕ್ಕೆ ನಿಂತಿತು. ವಿಮಾನವನ್ನು ಮತ್ತೆ ನೇತುಹಾಕಿ, ಚಾಲಕನ ಸೀಟನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸಿದರು. ಬಾಲ ಮೆಲ್ಲಗೆ ಮೇಲೆದ್ದಿತು, ಮೂತಿ ಇಳಿಯಿತು. ಇಡೀ ವಿಮಾನ ಆ ಕೆಂಪು ಗೆರೆಯ ಮೇಲೆ ಅಲುಗದೆ ನಿಂತಿತು. ಮೂರು ಮಹಡಿಯ ಜನ ಕಂಬಿಗೆ ಒರಗಿ ನೋಡುತ್ತಿದ್ದರು. ತಾವು ಹುಟ್ಟಿದ್ದೂ ಸಾರ್ಥಕವಾಯಿತು ಎಂದು ಮಾವನಿಗೆ ನಿಜವಾಗಿಯೂ ಅನ್ನಿಸಿತು.

ಪರೀಕ್ಷಕರು ಐದಕ್ಕೆ ಬಂದರು. ಮಾತು ಕಡಿಮೆಯ ಮನುಷ್ಯ. ವಿಮಾನದ ಮೇಲೆ ನೀರುಮಟ್ಟದ ಪಟ್ಟಿಯಿಟ್ಟು ನೋಡಿದರು. ಗುಳ್ಳೆ ನಟ್ಟನಡುವೆ ನಿಂತಿತ್ತು. "ಇಷ್ಟು ದೊಡ್ಡ ವಿಮಾನದಲ್ಲಿ ಕೇಂದ್ರ ಇಷ್ಟು ನಿಖರವಾಗಿ ಕೂತದ್ದು ನಾನು ನೋಡಿಲ್ಲ" ಎಂದರು. ಮಾವ ಅದನ್ನು ಜೋರಾಗಿ ಇನ್ನೊಮ್ಮೆ ಹೇಳುವಂತೆ ಕೇಳಿಕೊಂಡರು. ಮೂರನೆಯ ಮಹಡಿಗೆ ಕೇಳಿಸಿರಲಿಲ್ಲವಂತೆ.

ಆಮೇಲೆ ಪರೀಕ್ಷಕರು ತಮ್ಮ ಚೀಲದಿಂದ ಕೊಕ್ಕೆಯ ತಕ್ಕಡಿ ತೆಗೆದು ಹಗ್ಗದ ನಡುವೆ ಸಿಕ್ಕಿಸಿದರು. "ಹನ್ನೊಂದು ಕಿಲೋ."

ನಿಮ್ಮ ತಕ್ಕಡಿ ಕೆಟ್ಟಿದೆ ಎಂದರು ಮಾವ. ಮೇಷ್ಟ್ರು ಪರೀಕ್ಷಕರನ್ನು ಗೋಡೆಯ ಬಳಿಗೆ ಎಳೆದುಕೊಂಡು ಹೋಗಿ ಲೆಕ್ಕ ತೋರಿಸಿದರು. ಪರೀಕ್ಷಕರು ಲೆಕ್ಕ ಓದಿ, ಮಾವನನ್ನು ತಲೆಯಿಂದ ಕಾಲಿನವರೆಗೆ, ಅದರಲ್ಲೂ ನಡುಭಾಗದಲ್ಲಿ ತುಸು ನಿಧಾನವಾಗಿ, ನೋಡಿದರು. ಅಷ್ಟರಲ್ಲಿ ಕೆಲಸ ಮುಗಿಸಿ ಮೆಟ್ಟಿಲು ಹತ್ತಿ ಬಂದ ಹೆಂಡತಿಗೆ ಮೊದಲು ಕಂಡದ್ದು ಚಪ್ಪಲಿ ಗೂಡಿನ ಮೇಲೆ ಕೂತ ತಾವೇ.

"ರೀ, ನನ್ನನ್ನ ಯಾಕೆ ಇಳಿಸಿದ್ರಿ?"

"ಅದು… ನೋಡೇ, ಭಾರ ಜಾಸ್ತಿಯಾಯ್ತು."

ಹೆಂಡತಿ ಗೋಡೆಯ ಮೇಲಿನ ಲೆಕ್ಕ ನೋಡಿದರು. ಚೀಲ ಕೆಳಗಿಟ್ಟರು.

"ಭಾರ ನನ್ನದಲ್ಲ, ನಿಮ್ಮದು. ಎಪ್ಪತ್ತೇಳು ಕಿಲೋ ಇದೀರಿ. ಮದುವೆಯಾದ ವರ್ಷ ಒಂದು ಸಲ ಅರವತ್ತೊಂಬತ್ತು ಅಂದಿದ್ದಕ್ಕೆ ಮೂರು ದಿನ ಊಟ ಬಿಟ್ಟು ಮನೆಯೋರ್ದೆಲ್ಲ ನಿದ್ದೆ ಕೆಡಿಸಿದ್ರಿ. ಅವತ್ತಿಂದ ಅರವತ್ತೆಂಟೇ ಹೇಳ್ತಾ ಬಂದೆ."

ಮಾವ ದರ್ಜಿಯ ಕಡೆ ತಿರುಗಿದರು. ವರ್ಷಕ್ಕೊಮ್ಮೆ ಅಕ್ಕ ಪ್ಯಾಂಟುಗಳನ್ನು ಗುಟ್ಟಾಗಿ ತಂದುಕೊಡುತ್ತಿದ್ದರು, ಸೊಂಟ ಬಿಚ್ಚಿ ಹೊಲಿದು ಕಳಿಸುತ್ತಿದ್ದೆ ಎಂದು ಅವರು ಒಪ್ಪಿಕೊಂಡರು. ಕಳೆದದ್ದರಲ್ಲಿ ಮಾತ್ರ ತಪ್ಪಿಲ್ಲ ಎಂದು ಮೇಷ್ಟ್ರು ಯಾರೂ ಕೇಳದಿದ್ದರೂ ಸ್ಪಷ್ಟಪಡಿಸಿದರು.

ಅಂದರೆ ಬೆಳಿಗ್ಗೆ ವಿಮಾನ ಹದಿಮೂರೇ ಕಿಲೋ ಇತ್ತು. ಒಂದಿಷ್ಟು ಸೀಸ ಮೂತಿಗೆ ಕಟ್ಟಿದ್ದರೂ ತೂಕ ಇಪ್ಪತ್ತು ಮೀರುತ್ತಿರಲಿಲ್ಲ, ಹತ್ತೇ ನಿಮಿಷದ ಕೆಲಸವಾಗಿತ್ತು. ಪರೀಕ್ಷಕರು ಬಾಲದ ಕೆಳಗೆ ಬಗ್ಗಿ ಗರಗಸದ ಗುರುತು ಮುಟ್ಟಿ ನೋಡಿದರು. ಹಿಂದಿನ ಗಾಲಿಯಿಲ್ಲದ ವಿಮಾನಕ್ಕೆ ರುಜು ಹಾಕಲಾರೆನೆಂದರು. ಕೊಯ್ದ ದಿಮ್ಮಿಯನ್ನು ಮತ್ತೆ ಅಂಟಿಸಿದರೆ ಅಂಟು ಆರಲು ಎರಡು ದಿನ ಬೇಕು, ಹಾರಾಟ ನಾಳೆ. ಮಾವ ಕೊಯ್ದ ಗಾಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಕೊನೆಗೆ, ಸಮತೋಲ ಅತ್ಯಂತ ನಿಖರವಾಗಿತ್ತು ಎಂದಾದರೂ ಬರೆದುಕೊಡಿ ಎಂದರು. ಪರೀಕ್ಷಕರು ಬರೆದುಕೊಟ್ಟರು. ಅದಕ್ಕೆ ಚೌಕಟ್ಟು ಹಾಕಿಸುವುದೆಂದು ಮಾವ ಅಲ್ಲೇ ನಿಶ್ಚಯಿಸಿದರು.

ಮರುದಿನ ಬೆಳಿಗ್ಗೆ, ಮೈದಾನದಲ್ಲಿ ಬೇರೆಯವರ ವಿಮಾನಗಳು ಹಾರುವ ಹೊತ್ತಿಗೆ, ಮಾವ ಬೊಂಬೆಯನ್ನು ಹಿಂದಿನ ಸೀಟಿಗೆ ಅಂಟಿಸಿ, ಸ್ನಾನ ಮಾಡಿ ಬಂದು ಯಂತ್ರದ ಮುಂದೆ ನಿಂತರು. ಅಂದು ಕಣ್ಣಿಗೆ ಕನ್ನಡಕವಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾವ ಒಂದು ಕ್ಷಣ ಯೋಚಿಸಿ, ಕನ್ನಡಕ ತೆಗೆದು ಅವರ ಕೈಗೆ ಕೊಟ್ಟು, ಯಂತ್ರ ಹತ್ತಿ ಎದೆಯುಬ್ಬಿಸಿದರು.

"ಎಷ್ಟೇ?"

ಹೆಂಡತಿ ಬಗ್ಗಿ ಮುಳ್ಳು ನೋಡಿದರು.

"ಅರವತ್ತೆಂಟು."

"ಇಪ್ಪತ್ಮೂರು ವರ್ಷ" ಎಂದು ಮಾವ ಇಳಿದು ಟವೆಲ್ ಹೆಗಲಿಗೆ ಹಾಕಿಕೊಂಡರು.