ಮದ್ದಿಗೆ ಜಗ್ಗದ ಕಣ್ಣು

ಕಾಯಿಲೆಗಳಲ್ಲಿ ಹೇಳಿಕೊಂಡು ತಿರುಗಬಹುದಾದವು ಕೆಲವು, ಬಾಯಿಬಿಡಲಾಗದವು ಕೆಲವು. ಸೊಂಟನೋವು ಮೊದಲನೆಯ ಜಾತಿಯದ್ದು. ದುಡಿದ ಮೈ ಎಂದು ಜನ ಮರ್ಯಾದೆ ಕೊಡುತ್ತಾರೆ. ಶುಗರಿಗೂ ಈಗ ಮದುವೆಮನೆಯಲ್ಲಿ ಒಳ್ಳೆಯ ಸ್ಥಾನವಿದೆ. ಪಾಯಸದ ಬಾಲ್ದಿ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ‘ನನಗೆ ಶುಗರ್’ ಎಂದರೆ ಸಾಕು, ಪಕ್ಕದ ಎಲೆಯವರು ತಮ್ಮ ಶುಗರಿನ ಕತೆ ಶುರು ಮಾಡುತ್ತಾರೆ. ಪ್ರಾಸ್ಟೇಟಿಗೆ ಮಾತ್ರ ಯಾವ ಪಂಕ್ತಿಯಲ್ಲೂ ಜಾಗವಿಲ್ಲ. ಮೂತ್ರಕ್ಕೆ ನಿಂತರೆ ಬೇಗ ಬರುವುದಿಲ್ಲ, ಬಂದದ್ದು ಬೇಗ ಮುಗಿಯುವುದಿಲ್ಲ ಎಂಬುದನ್ನು ಊಟದ ನಡುವೆ ಯಾರಿಗೆ ಹೇಳುವುದು?

ನಾನು ಸುಳ್ಯದ ಹತ್ತಿರ ಅಜ್ಜಾವರದ ಕಡೆಯವನು. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು ಪಂಪುಗಳ ಹಿಂದೆ ಬಿದ್ದೆ. ಸುಟ್ಟ ಮೋಟಾರಿನ ಹೊಟ್ಟೆಯಿಂದ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವುದು ನನ್ನ ಉದ್ಯೋಗ. ಮಂಡೆಕೋಲಿನಿಂದ ಕಡಬದವರೆಗೆ ಎಷ್ಟೋ ಬಾವಿಗಳಲ್ಲಿ ನಾನು ಸುತ್ತಿದ ಮೋಟಾರು ಓಡುತ್ತಿದೆ. ಒಂದೂ ವಾಪಸು ಬಂದಿಲ್ಲ ಎಂದರೆ ಹೆಚ್ಚಾದೀತು. ಬಂದವುಗಳಲ್ಲಿ ತಪ್ಪು ಕರೆಂಟಿನದ್ದು. ಅಂಥ ನನಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ, ಡಾಕ್ಟರು ದಿನಾ ರಾತ್ರಿಗೊಂದು ಮಾತ್ರೆ ಬರೆದುಕೊಟ್ಟರು. ಅದು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ‘ನಾನು ಇಷ್ಟರವರೆಗೆ ಒಂದು ಮಾತ್ರೆ ನುಂಗಿದವನಲ್ಲ’ ಎಂದು ಊರೆಲ್ಲ ಹೇಳಿ ಆಗಿತ್ತು. ಮುಖ್ಯವಾಗಿ ಕಡಬದಲ್ಲಿರುವ ಹೆಂಡತಿಯ ತಮ್ಮ ಕುಶಾಲಪ್ಪನ ಮುಂದೆ. ಅವನು ಎಲ್ಲಿ ಹೋದರೂ ಮಾತ್ರೆಯ ಡಬ್ಬಿ ಹಿಡಿದುಕೊಂಡೇ ಹೋಗುವವನು. ‘ಬಂತು ನಮ್ಮ ಮೆಡಿಕಲ್ ಶಾಪು’ ಎಂದೇ ನಾನು ಅವನನ್ನು ಸ್ವಾಗತಿಸುತ್ತಿದ್ದದ್ದು.

ಹೀಗಿರುವಾಗ ನನಗೆ ಒಂದು ತಂತಿ ಎರಡಾಗಿ ಕಾಣತೊಡಗಿತು. ಎರಡು ಕಣ್ಣಿಗೂ ಪೊರೆ, ಬಲಗಣ್ಣಿಗೆ ಹೆಚ್ಚು. ಕಣ್ಣು ಹೋದರೆ ಅಂಗಡಿಯ ಶಟರ್ ಎಳೆದ ಹಾಗೆಯೇ. ಕೈ ಎಷ್ಟು ಗಟ್ಟಿ ಇದ್ದರೂ ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಅಂದಾಜಿನ ಮೇಲೆ ಸುತ್ತಲಾಗದು. ಪುತ್ತೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ ಎಂದಾಯಿತು. ಜೊತೆಗೆ ಒಬ್ಬರು ಬೇಕು ಎಂದರು. ಹೆಂಡತಿ ಕುಶಾಲಪ್ಪನನ್ನೇ ನೇಮಿಸಿದಳು.

ಆಸ್ಪತ್ರೆಯ ಬೆಂಚಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದ್ದರು. ನರ್ಸಮ್ಮ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಮುದುಕರಿಗೆ ಕಿವಿ ಕೇಳುವುದಿಲ್ಲವೆಂದು ಅವಳ ಗಂಟಲು ಬಸ್‌ಸ್ಟ್ಯಾಂಡಿನವರೆಗೆ ತಲುಪುವಂಥದ್ದು.

“ಬಿಪಿ, ಶುಗರ್ ಉಂಟಾ? ಮೂತ್ರಕ್ಕೆ ಎಂತಾದ್ರೂ ಮಾತ್ರೆ ತಗೊಳ್ತೀರಾ?”

ಪಕ್ಕದಲ್ಲಿ ಕುಶಾಲಪ್ಪ ಕೂತಿದ್ದಾನೆ. “ಎಂತದ್ದೂ ಇಲ್ಲ” ಎಂದೆ.

ಪಾಪೆ ಅರಳಲಿಕ್ಕೆಂದು ಎಲ್ಲರ ಕಣ್ಣಿಗೂ ಮದ್ದು ಬಿಟ್ಟರು. ಉಳಿದವರ ಪಾಪೆ ಅರಳಿತು. ಅವರು ಒಳಗೆ ಹೋದರು, ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದರು. ನನ್ನದು ಅರಳಲಿಲ್ಲ. ಪುನಃ ಬಿಟ್ಟರು, ಪುನಃ ಟಾರ್ಚ್ ಹಿಡಿದು ನೋಡಿದರು. ನನಗೆ ಒಳಗೊಳಗೆ ಹೆಮ್ಮೆಯೇ ಆಯಿತು. “ನೋಡು ಕುಶಾಲಪ್ಪ, ದುಡಿದ ಕಣ್ಣು ಹೀಗೆ. ಹಾಗೆಲ್ಲ ಮದ್ದಿಗೆ ಜಗ್ಗುದಿಲ್ಲ” ಎಂದೆ. ಅವನು “ಹೌದು ಭಾವ” ಎಂದು, ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದ.

ಅವನು ಹೋದದ್ದೇ ತಡ, ಡಾಕ್ಟರು ನನ್ನನ್ನು ಕರೆಸಿದರು. ಸಣ್ಣ ಪ್ರಾಯದವರು, ದನಿಯೂ ಸಣ್ಣದು. “ಪ್ರಾಸ್ಟೇಟಿನ ಮಾತ್ರೆ ತಗೊಳ್ಳುವವರ ಪಾಪೆ ಕೆಲವು ಸಲ ಹೀಗೆ ಮಾಡ್ತದೆ. ಆ ಮಾತ್ರೆ ಮೂತ್ರದ ದಾರಿಯ ಸ್ನಾಯುವನ್ನು ಸಡಿಲ ಮಾಡುದು. ಪಾಪೆಯ ಸುತ್ತ ಬಣ್ಣದ ಪರದೆ ಉಂಟಲ್ಲ, ಅದರ ಸ್ನಾಯುವೂ ಸಡಿಲ ಆಗ್ತದೆ. ಪೊರೆ ತೆಗೆಯುವಾಗ ಅದು ಒದ್ದೆ ಬಟ್ಟೆಯ ಹಾಗೆ ಅಲ್ಲಾಡಿ ಅಡ್ಡ ಬರ್ತದೆ. ಗೊತ್ತಿಲ್ಲದೆ ಕೈ ಹಾಕಿದರೆ ಹರಿಯಲೂಬಹುದು” ಎಂದರು.

ನನಗೆ ಮೊದಲು ಸಿಟ್ಟು ಬಂದದ್ದು ನನ್ನ ಶರೀರಕ್ಕೆ ಲೈನ್ ಎಳೆದವನ ಮೇಲೆ. ಅಡುಗೆಮನೆಯ ಸ್ವಿಚ್ಚು ಒತ್ತಿದರೆ ದನದ ಹಟ್ಟಿಯ ಲೈಟು ಉರಿಯುವ ವಯರಿಂಗ್ ನಾನೂ ನೋಡಿದ್ದೇನೆ; ಅಂಥದ್ದು ಮಾಡಿದ ಹುಡುಗರನ್ನು ಆ ದಿನವೇ ಮನೆಗೆ ಕಳಿಸಿದ್ದೇನೆ. ಆಮೇಲೆ ಹೆದರಿಕೆ ಬಂತು. ಹರಿಯುವುದು ಎಂಬ ಮಾತು ಕಣ್ಣಿನ ವಿಷಯದಲ್ಲಿ ಕೇಳಲು ಹಿತವಾಗಿರುವುದಿಲ್ಲ. ಆದರೂ ನೇರವಾಗಿ ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ.

“ನಮ್ಮ ಮನೆಯಲ್ಲಿ ಒಬ್ಬರು ಆ ಮಾತ್ರೆ ತಗೊಳ್ತಾರೆ” ಎಂದೆ.

“ಯಾರು?”

“ಒಬ್ಬರು ಗಂಡಸರು.”

“ಮನೆಯಲ್ಲಿ ಎಷ್ಟು ಗಂಡಸರು ಇದ್ದೀರಿ?”

“ನಾನೊಬ್ಬನೇ.”

ಡಾಕ್ಟರು ನಗಲಿಲ್ಲ. ಅದು ಅವರ ದೊಡ್ಡತನ. ನರ್ಸಮ್ಮ ಮಾತ್ರ ಗೋಡೆಯ ಕಡೆ ತಿರುಗಿದಳು. ಒಂದು ವಾರ ಮಾತ್ರೆ ನಿಲ್ಲಿಸಿ ಬರಲೇ ಎಂದು ಕೇಳಿದೆ. “ನಿಲ್ಲಿಸಿದರೂ ಪರದೆ ಮೊದಲಿನ ಹಾಗೆ ಆಗ್ತದೆ ಅಂತ ಇಲ್ಲ. ಸುಮ್ಮನೆ ಮೂತ್ರ ಕಟ್ಟಿ ಇನ್ನೊಂದು ಆಸ್ಪತ್ರೆ ಹುಡುಕಬೇಕಾದೀತು. ನೀವು ಹೇಳಿದ್ದೇ ಸಾಕು ಮಾರಾಯ್ರೆ, ನಾವು ಕೊಕ್ಕೆ ಹಾಕಿ ಹಿಡ್ಕೊಳ್ತೇವೆ” ಎಂದರು. ಹಾಗೆಯೇ ಮಾಡಿದರು. ಒಳಗೆ ಮಲಗಿದ್ದಾಗ ನನಗೆ ನೋವಾಗಲಿಲ್ಲ. ಬೆಳಕು ಮಾತ್ರ ಕಾಣುತ್ತಿತ್ತು. ಯಾರಿಗೂ ತಲೆಬಾಗದವನೆಂದು ಹೆಸರಾದ ನನ್ನೊಳಗೆ ಒಂದು ಪರದೆ ಸೋತು ಬಿದ್ದಿದೆ, ಅದನ್ನು ನಾಲ್ಕು ಕೊಕ್ಕೆ ಎತ್ತಿ ಹಿಡಿದಿವೆ ಎಂದು ಯೋಚಿಸುತ್ತ ಮಲಗಿದ್ದೆ.

ಸಂಜೆ ಸುಳ್ಯದ ಬಸ್ಸು ಹತ್ತಿದೆವು. ಬಲಗಣ್ಣಿಗೆ ಪಟ್ಟಿ, ಮರುದಿನ ಬಿಚ್ಚಲಿಕ್ಕೆ. ಎಲ್ಲವೂ ಸರಿಯಾಗಿದೆ ಎಂದು ಡಾಕ್ಟರೇ ಹೇಳಿದ್ದರಿಂದ ನನಗೆ ಮೊದಲಿನ ಧೈರ್ಯ ಮರಳಿತ್ತು.

“ಉಳಿದವರಿಗಿಂತ ನಿಮಗೆ ಸುಮಾರು ಹೊತ್ತು ಹಿಡಿಯಿತಲ್ಲ ಭಾವ?” ಎಂದ ಕುಶಾಲಪ್ಪ.

“ಗಟ್ಟಿ ಕಣ್ಣು. ಡಾಕ್ಟರಿಗೇ ಆಶ್ಚರ್ಯ ಆಗಿದೆ” ಎಂದೆ.

ಅವನು ತಲೆಯಾಡಿಸಿದ. ಅರ್ಧ ದಾರಿಗೆ ಬರುವಾಗ ನನಗೆ ಕೂರಲಾಗದಂತಾಯಿತು. ಕಾಲು ಬದಲಿಸಿದೆ, ಬೆನ್ನು ಬದಲಿಸಿದೆ. ಬಸ್ಸು ನಿಲ್ಲಿಸಿ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಕುಶಾಲಪ್ಪ ಎದ್ದು ನಿಂತು, “ಸ್ವಲ್ಪ ನಿಲ್ಸಿ ಮಾರಾಯ್ರೆ, ನನಗೆ ಅರ್ಜೆಂಟುಂಟು” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ಆಮೇಲೆ ನನ್ನ ಕಡೆ ಬಗ್ಗಿ, “ನೀವೂ ಬನ್ನಿ ಭಾವ, ನನಗೊಂದು ಜೊತೆ” ಎಂದ.

ರಬ್ಬರ್ ಮರಗಳ ಎದುರು ನಿಂತೆವು. ಅವನು ಸುಮ್ಮನೆ ಮರ ನೋಡುತ್ತಿದ್ದ.

“ಬೆಳಿಗ್ಗೆಯೇ ಅಕ್ಕ ಹೇಳಿದ್ದಳು. ನೀವು ಡಾಕ್ಟರಿಗೆ ಹೇಳದಿದ್ದರೆ ನಾನು ಹೇಳ್ಬೇಕು ಅಂತ. ನಾನು ಚಹಾಕ್ಕೆ ಹೋಗುವ ಮೊದಲೇ ನರ್ಸಮ್ಮನ ಕಿವಿಗೆ ಹಾಕಿ ಹೋದೆ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಆಯ್ತಾ ಭಾವ?” ಎಂದ.

“ಅವಸರ ಮಾಡ್ಬೇಡ” ಎಂದೆ.

ಬಸ್ಸು ಹಾರ್ನ್ ಹಾಕುತ್ತಲೇ ಇತ್ತು. ಕೊನೆಗೂ ಹತ್ತಿದಾಗ ಎಲ್ಲರೂ ಕುಶಾಲಪ್ಪನನ್ನೇ ನೋಡುತ್ತಿದ್ದರು. ಕಂಡಕ್ಟರ್ ಹುಡುಗನಿಗೆ ಕನಿಕರ ಬಂದಿರಬೇಕು. “ಇಷ್ಟು ಹೊತ್ತು ಹಿಡಿದರೆ ಡಾಕ್ಟರಿಗೆ ತೋರಿಸಬೇಕು ಅಣ್ಣ. ನಾಚಿಕೆ ಎಂತಕ್ಕೆ? ಅದಕ್ಕೆ ಈಗ ಒಳ್ಳೆಯ ಮಾತ್ರೆ ಉಂಟಂತೆ” ಎಂದ.

“ಹೌದಾ?” ಎಂದ ಕುಶಾಲಪ್ಪ. “ಹೆಸರು ಎಂತದಂತೆ ಭಾವ, ನಿಮಗೆ ಗೊತ್ತುಂಟಾ?”

ನಾನು ಕಿಟಕಿಯಿಂದ ಹೊರಗೆ ನೋಡತೊಡಗಿದೆ, ಪಟ್ಟಿ ಕಟ್ಟಿದ ಕಣ್ಣಿನಿಂದ.