ಕಣ್ಣೀರಿನ ಕಪಾಟು

ಲೈಬ್ರರಿ ಅಂದರೆ ಸದ್ದೇ ಇಲ್ಲದ ಜಾಗ ಅಂತ ನಂಬಿರೋರು ಅಲ್ಲಿ ಒಂದು ದಿನವೂ ಕೆಲಸ ಮಾಡಿರೋದಿಲ್ಲ. ಗುಬ್ಬಿ, ತುಮಕೂರು, ಕುಣಿಗಲ್ ಅಂತ ಮೂರು ಊರಿನ ಲೈಬ್ರರಿಗಳಲ್ಲಿ ಪುಸ್ತಕ ಕೊಡೋದು, ತಗೊಳ್ಳೋದು ಮಾಡಿಕೊಂಡೇ ನನ್ನ ಅರ್ಧ ಆಯಸ್ಸು ಕಳೀತು. ಹೆಂಗಸರ ಕಷ್ಟದ ಕಾದಂಬರಿಗಳನ್ನೆಲ್ಲ ಒಂದೇ ಕಡೆ ಜೋಡಿಸಿ ಅದಕ್ಕೆ ‘ಕಣ್ಣೀರಿನ ಕಪಾಟು’ ಅಂತ ಹೆಸರಿಟ್ಟಿದ್ದೆ. ನಾನು ಅತಿ ಹೆಚ್ಚು ನಕ್ಕಿದ್ದು ಅದೇ ಕಪಾಟಿನ ಮುಂದೆ.

ಮೂರನೇ ಪುಟ

ತೊಂಬತ್ತರ ದಶಕದ ಶುರು. ಗುಬ್ಬಿ ಲೈಬ್ರರಿಯಲ್ಲಿ ನಮ್ಮೆಜಮಾನರು ಅಟೆಂಡರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಅಲ್ಲೇ ಕೆಲಸ ಕೊಟ್ಟರು. ನಾನೋ ಪಂಚಾಂಗ ಬಿಟ್ಟರೆ ಬೇರೆ ಪುಸ್ತಕ ಮುಟ್ಟಿದವಳಲ್ಲ. ಮೊದಲ ದಿನವೇ ನಮ್ಮ ಹಿರಿಯ ಲೈಬ್ರರಿಯನ್ ಒಂದು ಕಾದಂಬರಿ ಕೈಗಿಟ್ಟು, “ಓದಮ್ಮ. ಅಂಗಡೀಲಿ ಕೂರೋರಿಗೆ ಸರಕು ಗೊತ್ತಿರಬೇಕು” ಅಂದರು.

ಅದರಲ್ಲಿ ನಾಯಕಿಯ ಗಂಡ ಶುರುವಲ್ಲೇ ಸಾಯ್ತಾನೆ. ನನ್ನ ಕಥೇನೇ ಯಾರೋ ಬರೆದಿಟ್ಟ ಹಾಗಾಯ್ತು. ಕೌಂಟರಿನಲ್ಲೇ ಸೆರಗು ಕಚ್ಚಿಕೊಂಡು ಅಳೋಕೆ ಶುರು ಮಾಡಿದೆ. ಪೇಪರ್ ಓದೋಕೆ ಬಂದ ಯಜಮಾನರೊಬ್ಬರು ನನ್ನ ನೋಡಿ ಗಾಬರಿಯಾಗಿ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕೈಮುಗಿದುಕೊಂಡು ಹತ್ತಿರ ಬಂದರು. “ಯಾವಾಗ ಹೋದ್ರಮ್ಮ?”

ನಾನು ಪುಸ್ತಕದಿಂದ ತಲೆ ಎತ್ತದೇ ಹೇಳಿದೆ: “ಈಗ್ಲೇ. ಮೂರನೇ ಪುಟದಲ್ಲಿ.”

ಹಿಂದಿನ ಮೇಜಿನಿಂದ ಲೈಬ್ರರಿಯನ್ ಕಿಸಕ್ಕನೆ ನಕ್ಕರು. ಆ ಯಜಮಾನರು ಮುಗಿದ ಕೈ ಇಳಿಸೋದೋ ಬೇಡವೋ ಗೊತ್ತಾಗದೆ ಹಾಗೇ ನಿಂತಿದ್ದರು. ಅವರ ಮುಖ ನೋಡಿ ನನಗೂ ನಗು ಬಂತು. ಗಂಡ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಹತ್ತಕ್ಕೆ ಎಂಟು

ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ಹೋಟೆಲ್ ಇಟ್ಟಿದ್ದ ಅಕ್ಕ ಒಬ್ಬರಿದ್ದರು. ಗಂಡ ಬಿಟ್ಟುಹೋಗಿದ್ದ. ಮಧ್ಯಾಹ್ನ ಒಲೆ ಆರಿಸಿದ ಮೇಲೆ ಕೂತು ಕಾದಂಬರಿ ಓದೋರು. ಒಂದು ಸಲ ಅವರು ವಾಪಸ್ ತಂದ ಪುಸ್ತಕದಲ್ಲಿ ಕೊನೇ ಎರಡು ಪುಟ ಇರಲಿಲ್ಲ. ಅದರ ಜಾಗದಲ್ಲಿ ನೋಟ್‌ಬುಕ್ ಹಾಳೆ, ಅನ್ನದ ಅಗುಳಲ್ಲಿ ಅಂಟಿಸಿದ್ದು.

ಮೂಲದಲ್ಲಿ ನಾಯಕಿ ಕೆರೆಗೆ ಹಾರ್ತಾಳೆ. ಅಕ್ಕನ ಹಾಳೆಯಲ್ಲಿ ಹೀಗಿತ್ತು: “ಅವಳು ಕೆರೆಗೆ ಕಾಲಿಟ್ಟಳು. ನೀರು ಬಾಳ ತಣ್ಣಗಿತ್ತು. ವಾಪಸ್ ಬಂದಳು. ಮಾರನೇ ದಿನ ಹೋಟೆಲ್ ಇಟ್ಟಳು. ಚಟ್ನಿಗೆ ಹೆಸರಾದಳು.”

“ಏನಕ್ಕಾ ಇದು, ಸರ್ಕಾರಿ ಪುಸ್ತಕ ಹರಿಯೋದಾ?” ಅಂದೆ.

“ಹರಿದೆ ಕಣಮ್ಮ. ನಾನೂ ಕಡಬದ ಕೆರೆ ಏರಿಗಂಟ ಹೋಗಿದ್ದವ್ಳೇ. ಹೋದ ದಾರೀಲೇ ವಾಪಸ್ಸೂ ಬರಬೌದು ಅಂತ ಬರ್ದೋರಿಗೆ ಗೊತ್ತಿಲ್ವಾ?”

ದಂಡ ಹಾಕಲಿಲ್ಲ, ಪುಸ್ತಕವನ್ನ ಹಾಗೇ ಕಪಾಟಿನಲ್ಲಿಟ್ಟೆ. ಓದಿದ ಹೆಂಗಸರೆಲ್ಲ “ಮುಕ್ತಾಯ ಬಾಳ ಚೆನ್ನಾಗಿದೆ” ಅಂದರು. ಕೊನೆಗೆ ಅದು ರಿಟೈರ್ಡ್ ಕನ್ನಡ ಮೇಷ್ಟ್ರೊಬ್ಬರ ಕೈಗೆ ಸಿಕ್ಕಿತು. ಬೈತಾರೆ ಅಂತ ಹೆದರಿದ್ದೆ. ವಾಪಸ್ ಬಂದಾಗ ನೋಡಿದರೆ, ಅಂಟಿಸಿದ ಹಾಳೆಯಲ್ಲಿ ‘ಬಾಳ’ ಅನ್ನೋದನ್ನ ಕೆಂಪು ಪೆನ್ನಿನಲ್ಲಿ ‘ಬಹಳ’ ಅಂತ ತಿದ್ದಿ, ಕೆಳಗೆ ಹತ್ತಕ್ಕೆ ಎಂಟು ಮಾರ್ಕ್ಸ್ ಕೊಟ್ಟಿದ್ದರು.

ಅತ್ತೆಯ ಕಾಫಿ

ತುಮಕೂರಿಗೆ ವರ್ಗವಾದ ಮೇಲೆ ನಡೆದಿದ್ದು. ಅರವತ್ತು ದಾಟಿದ ಹೆಂಗಸೊಬ್ಬರು ಏದುಸಿರು ಬಿಡ್ತಾ ಬಂದರು. “ನಮ್ಮ ಸೊಸೆಗೆ ಅದೇನು ಪುಸ್ತಕ ಕೊಡ್ತೀಯಮ್ಮ ನೀನು? ನಿನ್ನೆ ನನ್ನ ಎದುರಿಗೇ ‘ನನಗೂ ಒಂದು ಮನಸ್ಸಿದೆ ಅತ್ತೆ’ ಅಂದ್ಲು!”

“ಬೈಬೇಡಿ, ನೀವೇ ಒಂದ್ಸಲ ಓದಿ ನೋಡಿ” ಅಂತ ಅದೇ ಕಾದಂಬರಿಯ ಇನ್ನೊಂದು ಪ್ರತಿ ಕೊಟ್ಟೆ. ಕಿಟಕಿ ಪಕ್ಕ ಕೂತರು. ಬಾಗಿಲು ಹಾಕೋ ಹೊತ್ತಾದರೂ ಏಳಲಿಲ್ಲ. ಹೋಗುವಾಗ ಸಣ್ಣ ದನಿಯಲ್ಲಿ, “ಇದ್ರಲ್ಲಿ ಅತ್ತೆ ಮಾಡೋದನ್ನೆಲ್ಲ ನಾನೂ ಮಾಡಿದೀನಿ ಕಣಮ್ಮ” ಅಂದರು.

ವಾರ ಕಳೆದ ಮೇಲೆ ಸೊಸೆ ಬಂದು ಕಿವಿಯಲ್ಲಿ ಕೇಳಿದಳು: “ಏನ್ ಮಾಡಿದ್ರಿ ಮೇಡಂ? ಬೆಳಿಗ್ಗೆ ನಮ್ಮತ್ತೇನೇ ಕಾಫಿ ಮಾಡಿ ತಂದುಕೊಡ್ತಾರೆ. ನಂಗೆ ಭಯ ಆಗಿ ಮೂರು ದಿನ ತುಳಸಿ ಗಿಡಕ್ಕೆ ಹುಯ್ದೆ.”

“ಅಯ್ಯೋ! ಈಗ?”

“ಗಿಡಕ್ಕೇನೂ ಆಗ್ಲಿಲ್ಲ. ಇವತ್ತಿಂದ ನಾನೇ ಕುಡೀತಿದೀನಿ.”

ಕೋರ್ಟಿನಲ್ಲಿ ಹೇಳಿದ ಹೆಸರು

ಕುಣಿಗಲ್‌ಗೆ ಬಂದಾಗ ಎರಡು ಸಾವಿರ ಇಸವಿ ದಾಟಿತ್ತು. ಅಲ್ಲಿ ಹಾಸಿಗೆ ಅಂಗಡಿಯ ಮುಸ್ಲಿಂ ಮನೆತನದ ಹೆಂಗಸೊಬ್ಬಳು ಬರ್ತಿದ್ದಳು. ಗಂಡನ ಜೊತೆ ಹನ್ನೆರಡು ವರ್ಷ ಅಂಗಡಿಯಲ್ಲಿ ಕೂತು ಹಾಸಿಗೆ ಹೊಲಿದವಳು. ಗಂಡ ಹೋದ ತಿಂಗಳೇ ಮೈದುನ ಅಂಗಡಿಗೆ ಬೀಗ ಹಾಕಿದ. “ಅವರಿಗೂ ಅಂಗಡಿಗೂ ಸಂಬಂಧವೇ ಇಲ್ಲ, ಒಂದು ದಿನವೂ ಕೆಲಸ ಮಾಡಿಲ್ಲ” ಅಂತ ಕೋರ್ಟಿಗೆ ಬರೆದುಕೊಟ್ಟ.

ಮನೆಯಲ್ಲಿ ಅವಳದು ಉರ್ದು. ಕನ್ನಡ ಮಾತು ಬರ್ತಿತ್ತು. ಅಕ್ಷರ ಮಾತ್ರ ದೊಡ್ಡವಳಾದ ಮೇಲೆ ಕಲಿತಿದ್ದು. ಬೆರಳಿಟ್ಟುಕೊಂಡು ಒಂದೊಂದೇ ಪದ ಓದೋಳು. ಒಂದು ಕಾದಂಬರಿಯಲ್ಲಿ ಸೌದಾಮಿನಿ ಅನ್ನೋ ವಿಧವೆ ಕೋರ್ಟಿನಲ್ಲಿ ನಿಂತು ಒಂದೂವರೆ ಪುಟ ಮಾತಾಡ್ತಾಳೆ. ಇವಳು ಅಷ್ಟನ್ನೂ ಬಾಯಿಪಾಠ ಮಾಡಿದಳು.

“ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮ, ಭಾಷಣ ಬೇಡ” ಅಂತ ವಕೀಲರು ಗೋಗರೆದರು. “ಆಯ್ತು ಸಾರ್” ಅಂದಳು. ಅವಳಿಗೆ ಧೈರ್ಯಕ್ಕಿರಲಿ ಅಂತ ಅರ್ಧ ದಿನ ರಜೆ ಹಾಕಿ ನಾನೂ ಹೋದೆ. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡ್ತಾನೇ ಇತ್ತು. ಕಟಕಟೆ ಹತ್ತುವಾಗಲೂ ನಿಲ್ಲಲಿಲ್ಲ.

ಜಡ್ಜ್ ಸಾಹೇಬರು ಕೇಳಿದರು: “ಹೆಸರೇನಮ್ಮ?”

ಅವಳು ಕಣ್ಣು ಮುಚ್ಚಿ, ಎದೆ ಸೆಟೆಸಿ, ಗಟ್ಟಿಯಾಗಿ ಹೇಳಿದಳು: “ಸೌದಾಮಿನಿ, ಮಹಾಸ್ವಾಮಿ!”

ವಕೀಲರ ಕೈಯಿಂದ ಫೈಲ್ ಜಾರಿತು. ಮೈದುನ ಎದ್ದು ನಿಂತು ಕೂಗಿದ: “ಸುಳ್ಳು ಸಾರ್! ಇವ್ರು ನಮ್ಮ ಭಾಬಿ! ಹನ್ನೆರಡು ವರ್ಷ ನಮ್ಮ ಅಂಗಡೀಲೇ ಹಾಸಿಗೆ ಹೊಲಿದವ್ರೆ. ಇವ್ರ ಹೆಸರು ನಂಗೊತ್ತಿಲ್ವಾ?”

ಅವನ ವಕೀಲರು ಹಣೆ ಚಚ್ಚಿಕೊಂಡರು. ಜಡ್ಜ್ ಸಾಹೇಬರು ಟೈಪಿಸ್ಟ್ ಕಡೆ ತಿರುಗಿ, “ಮೈದುನ ಹೇಳಿದ್ದನ್ನ ಹಾಗೇ ಬರ್ಕೊಳ್ಳಿ” ಅಂದರು. ಮುಂದೆ ಕೇಸು ಅವಳ ಕಡೆ ಆಗಿ ಅಂಗಡಿ ಬೀಗ ತೆಗೆದಿದ್ದು ಆ ಮಾತಿನಿಂದಲೇ.

ಆದರೆ ಅವತ್ತು ಸಾಹೇಬರಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಕನ್ನಡಕ ತೆಗೆದು ಮೆತ್ತಗೆ ಕೇಳಿದರು: “ಅಲ್ಲಮ್ಮ, ನಿಮ್ಮ ಹೆಸರು ಬಿಟ್ಟು ಆ ಸೌದಾಮಿನಿ ಹೆಸರು ಯಾಕೆ ಹೇಳಿದ್ರಿ?”

ಅವಳು ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು ಹೇಳಿದಳು:

“ಆಯಮ್ಮ ಗೆದ್ದಿದ್ಲು ಸಾಮಿ.”